ಅರ್ಜಿಯ ಏಳನೇ ಸಾಲು

ರಾಜೀನಾಮೆ ಪತ್ರವನ್ನು ಅವಳು ಎರಡು ಸಲ ಓದಿದಳು. ಮೂರನೇ ಸಲ ಓದಲು ಅದರಲ್ಲಿ ಏನೂ ಉಳಿದಿರಲಿಲ್ಲ. ಇದ್ದದ್ದೇ ಒಂದೂವರೆ ಸಾಲು.

ಪರ್ಮಿಟ್ ನವೀಕರಣಕ್ಕೆ ಅರ್ಜಿ ಹಾಕಲು ಇನ್ನು ಒಂಬತ್ತು ದಿನ. ಹೊರದೇಶದಿಂದ ಬಂದು ಇಲ್ಲಿ ಸ್ವಂತ ಅಂಗಡಿ ಇಟ್ಟವರಿಗೂ ದುಡಿಯಲು ಅಪ್ಪಣೆ ಬೇಕು, ಎರಡು ವರ್ಷಕ್ಕೊಮ್ಮೆ ಹೊಸದಾಗಿ. ಈ ದೇಶದ ಒಬ್ಬರಿಗಾದರೂ ಕೆಲಸ ಕೊಟ್ಟಿರುವುದನ್ನು ಅರ್ಜಿಯ ಏಳನೇ ಸಾಲಿನಲ್ಲಿ ತೋರಿಸಬೇಕು. ಅವಳು ತೋರಿಸಬಹುದಾಗಿದ್ದ ಒಬ್ಬನೇ ಒಬ್ಬ, ಇಲ್ಲೇ ಹುಟ್ಟಿ ಬೆಳೆದವನು, ಒಳಗಿನ ಕೋಣೆಯಲ್ಲಿ ಪತ್ರ ಕೊಟ್ಟು ಏನೂ ಆಗಿಲ್ಲವೆಂಬಂತೆ ಔಷಧದಂಗಡಿಯ ತಕ್ಕಡಿಯೊಂದನ್ನು ಬಿಚ್ಚುತ್ತಿದ್ದ.

"ಅಂಗಡಿ ನಿನ್ನದು, ಬೀಗದ ಕೈ ನಿನ್ನದು. ಒಳಗೆ ಕೂತು ಕೆಲಸ ಮಾಡೋಕೆ ಇನ್ನೊಬ್ಬರನ್ನ ಕೇಳಬೇಕಾ?" ಎಂದು ಅಮ್ಮ ಫೋನಿನಲ್ಲಿ ಪ್ರತಿ ಸಲ ಕೇಳುತ್ತಾಳೆ. "ಕೇಳಬೇಕಮ್ಮ" ಎಂದು ಇವಳು ಪ್ರತಿ ಸಲ ಹೇಳುತ್ತಾಳೆ.

ತೂಕದ ಯಂತ್ರಗಳ ರಿಪೇರಿ ಅವಳ ಕಸುಬು. ಒಳಗಿನ ಕೋಣೆಯವನಿಗೆ ಅವಳಿಟ್ಟ ಹೆಸರು ಮಿಲಿಗ್ರಾಂ. ಪರೀಕ್ಷೆಯ ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟಿದವರನ್ನು ಅವನು ಕಣ್ಣಲ್ಲೇ ಸುಡುತ್ತಿದ್ದ. ಬೆರಳಿನ ಜಿಡ್ಡಿಗೂ ತೂಕವಿದೆ. ಹೋದ ತಿಂಗಳು ಅವಳು ಅವನ ಭುಜದ ಪಕ್ಕದಿಂದ ತಕ್ಕಡಿಯತ್ತ ಬಗ್ಗಿ ನೋಡುತ್ತಿದ್ದಾಗ ಅವನು ತಿರುಗದೆಯೇ ಹೇಳಿದ್ದ: "ಸ್ವಲ್ಪ ದೂರ ನಿಲ್ತೀರಾ ಮೇಡಂ? ಕೊನೇ ಅಂಕಿ ನಿಲ್ತಾ ಇಲ್ಲ."

"ನನ್ನ ಉಸಿರಿಗಾ?"

"ಉಸಿರಿಗೋ, ಮೈಯ ಬಿಸಿಗೋ. ನನಗೂ ಗೊತ್ತಾಗ್ತಿಲ್ಲ."

ಅವನ ಕಿವಿಯ ತುದಿ ಕೆಂಪಾಗಿತ್ತು. ಅವಳು ಅರ್ಧ ಹೆಜ್ಜೆ ಮಾತ್ರ ಹಿಂದೆ ಸರಿದಿದ್ದಳು. ಅಂದಿನಿಂದ ಕೂತಲ್ಲಿ ಕೂರಲಾಗದೆ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು.

ಈಗ ಈ ಕಾಗದ. ಬಾಗಿಲಿನಿಂದ ಕೌಂಟರಿಗೆ, ಕೌಂಟರಿನಿಂದ ಬಾಗಿಲಿಗೆ ಐದು ಸಲ ನಡೆದ ಮೇಲೆ ಅವಳು ಒಳಗೆ ನುಗ್ಗಿದಳು.

"ಸೇತುವೆ ಆಚೆಯ ದೊಡ್ಡ ಕಂಪನಿಯವರು ಕರೆದರಾ?"

"ಯಾರೂ ಕರೆದಿಲ್ಲ."

"ಮತ್ತೆ? ಒಂಬತ್ತು ದಿನ ಇರುವಾಗ ನಡುನೀರಲ್ಲಿ ಕೈಬಿಡ್ತಿದ್ದೀರಿ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಬೇಜಾರಾಗ್ತಿರಲಿಲ್ಲ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಎರಡನೇ ಹಾಳೆ ಓದಿದಿರಾ?"

"ಯಾವ ಎರಡನೇ ಹಾಳೆ?"

ಲಕೋಟೆಯ ತಳದಲ್ಲಿ ಇನ್ನೊಂದು ಹಾಳೆ ಇತ್ತು. ಅವನ ಅಕ್ಕನ ಕೆಲಸದ ಅರ್ಜಿ. ಔಷಧ ಕಾರ್ಖಾನೆಯಲ್ಲಿ ಹತ್ತು ವರ್ಷ ತಕ್ಕಡಿಗಳನ್ನು ನೋಡಿಕೊಂಡವಳು; ತಮ್ಮ ಬಿಟ್ಟ ಮರುದಿನವೇ ಸೇರಲು ಸಿದ್ಧ.

"ಪರ್ಮಿಟ್ ಕಚೇರಿಗೆ ಹೋಗಿ ಕೇಳ್ಕೊಂಡು ಬಂದೆ," ಎಂದ. "ಆಳು ಬದಲಾದರೆ ತೊಂದರೆ ಇಲ್ಲವಂತೆ. ಒಂದು ದಿನವೂ ಜಾಗ ಖಾಲಿ ಇರಬಾರದು, ಅಷ್ಟೇ."

"ಇಷ್ಟೆಲ್ಲ ಮಾಡಿದೋರಿಗೆ ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗಲಿಲ್ವಾ?"

"ಅದೊಂದೇ ಆಗಲಿಲ್ಲ."

ನಗು ಬಂತು. ಅವಳು ಅದನ್ನು ತಡೆದಳು. "ನೀವ್ಯಾಕೆ ಹೋಗ್ಬೇಕು, ಅದು ಹೇಳಿ."

ಅವನು ಕೈಗವಸು ಕಳಚತೊಡಗಿದ, ಒಂದೊಂದೇ ಬೆರಳು. "ನಿಮ್ಮ ಪರ್ಮಿಟ್ ನನ್ನ ಹೆಸರಿನ ಮೇಲೆ ನಿಂತಿದೆ. ಹೀಗಿರುವಾಗ ನಾನೇನಾದರೂ ಕೇಳಿದರೆ, ಇಲ್ಲ ಅನ್ನೋಕೆ ನಿಮಗೆ ಭಯ. ಹೂಂ ಅಂದರೆ, ಯಾತಕ್ಕೆ ಅಂದ್ರೋ ಅಂತ ಜೀವಮಾನವಿಡೀ ನನಗೆ ಅನುಮಾನ. ಅದಕ್ಕೇ ಮೊದಲು ಹೆಸರು ತೆಗೀತಿದ್ದೀನಿ."

"ತೆಗೆದು?"

"ತೆಗೆದು... ನನ್ನನ್ನ ಮದುವೆ ಆಗ್ತೀರಾ ಅಂತ ಕೇಳ್ತೀನಿ."

ಅವಳು ಕೂತಳು. ತಕ್ಷಣ ಎದ್ದಳು. ಕಿಟಕಿಯ ಆಚೆ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಅವರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

"ಇಲ್ಲಿಯವರನ್ನ ಮದುವೆಯಾದರೆ ಪರ್ಮಿಟ್ಟೇ ಬೇಡ, ಅಲ್ವಾ?"

"ಬೇಡ. ಗೊತ್ತು."

"ಹಾಗಾದರೆ ಅನುಮಾನ ನಿಮಗೊಬ್ಬರಿಗೇ ಬರೋದಾ? ಇಲ್ಲಿ ಬೇರೂರೋಕೆ ನನ್ನ ತಮ್ಮನ್ನ ಬುಟ್ಟಿಗೆ ಹಾಕ್ಕೊಂಡಳು ಅಂತ ನಿಮ್ಮಕ್ಕ ಅಂದರೆ? ಅವರು ಬಿಡಿ, ಯಾವತ್ತಾದರೂ ಜಗಳ ಆದಾಗ ನೀವೇ ಅಂದರೆ?"

"ನಾನು ಅನ್ನಲ್ಲ."

"ಅನ್ನೋಕೆ ಜಾಗವೇ ಇರಬಾರದು ಮಿಲಿಗ್ರಾಂ ಅವರೇ. ಪರ್ಮಿಟ್ ನನ್ನ ಕೆಲಸ ನೋಡಿ ಬರಲಿ. ಆಮೇಲೆ ಕೇಳಿ."

"ಅವರು ತೀರ್ಮಾನ ಹೇಳೋಕೆ ಆರು ವಾರ ಆಗತ್ತೆ."

"ಎರಡು ವರ್ಷ ತುಟಿ ಹೊಲ್ಕೊಂಡು ಕೂತೋರಿಗೆ ಆರು ವಾರ ಯಾವ ಲೆಕ್ಕ?"

ಅವನ ಮುಖ ಅರಳಿತು. ಅಷ್ಟೇ ಬೇಗ ಬಾಡಿತು. "ಕೊಡದೇ ಹೋದರೆ?"

ಅದೇ ಪ್ರಶ್ನೆ ಹದಿನೈದು ದಿನದಿಂದ ಅವಳ ನಿದ್ದೆಗೆಡಿಸಿತ್ತು. ಕೊಡದೇ ಹೋದರೆ ಬಾಗಿಲು ಹಾಕಬೇಕು, ಗಂಟುಮೂಟೆ ಕಟ್ಟಬೇಕು. ಆದರೆ ಅವನ ಬಾಯಲ್ಲಿ ಕೇಳಿದಾಗ ಅದಕ್ಕೊಂದು ಉತ್ತರವೂ ಇದೆಯೆಂದು ಮೊದಲ ಬಾರಿಗೆ ಅನ್ನಿಸಿತು.

"ನಮ್ಮೂರಿಗೆ ಹೋಗಿ ಅಲ್ಲೇ ಅಂಗಡಿ ಹಾಕ್ತೀನಿ," ಎಂದಳು. "ಆಗ ಪರದೇಶಿ ನೀವು. ಅರ್ಜಿ ಹಾಕಿ ಸಾಲಲ್ಲಿ ನಿಲ್ಲೋ ಸರದಿ ನಿಮ್ಮದು. ಕರೆಸಿಕೊಳ್ಳೋರು ಒಂದು ಪತ್ರ ಬರೆದುಕೊಡಬೇಕಾಗತ್ತೆ. ನಾನು ಬರೀತೀನಿ."

ಅವನು ಕಳಚಿದ ಕೈಗವಸನ್ನು ಮಡಚಿ ಮೇಜಿನ ಮೇಲಿಟ್ಟ. ಆಮೇಲೆ, ಯಾವುದನ್ನೂ ಪೂರ್ತಿ ಖಚಿತವಾಗದೆ ನಂಬದ ತನ್ನ ಸ್ವಭಾವಕ್ಕೆ ತಕ್ಕಂತೆ ಕೇಳಿದ: "ಅದರಲ್ಲಿ ನಾನು ನಿಮಗೆ ಏನಾಗಬೇಕು ಅಂತ ಬರೀಬೇಕಲ್ಲ. ಏನಂತ ಬರೀತೀರಿ?"

ಅವಳು ಅವನ ತೀರ ಹತ್ತಿರ ಬಂದು ನಿಂತಳು.

"ಯಾವ ಕಚೇರಿಯೂ ಎರಡನೇ ಸಲ ಕೇಳದ ಹಾಗೆ ಬರೀತೀನಿ."