ಜೇನುಮಂಡಲದ ಫುಗಡಿ

ನಾನು ಹುಟ್ಟಿದ ದಿನ ಆಕಾಶದಲ್ಲಿ ಒಂದು ಚಿಕ್ಕಿ ಹೆಚ್ಚಾಯಿತು. ಬೇಸಿಗೆಯಲ್ಲಿ ತೆಂಕಣ ಬಾನಂಚಿಗೆ ಒಂದು ಚಿಟಿಕೆ ಹಿಟ್ಟು ಚೆಲ್ಲಿದ ಹಾಗೆ ಮಸುಕು ಕಾಣುತ್ತದಲ್ಲ, ಅದರೊಳಗಿನ ಚಿಕ್ಕಿಗಳನ್ನು ನಮ್ಮ ಅಜ್ಜಿ ಬರಿಗಣ್ಣಲ್ಲಿ ಎಣಿಸುತ್ತಿದ್ದಳು. ಆ ದಿನ ಎಣಿಸಿ, ಒಂದು ಜಾಸ್ತಿ ಬಂತು ಅಂದಳು. ಪಕ್ಕದಲ್ಲಿ ನಿಂತು ಹೌದು ಅಂದವಳು ಸೂಲಗಿತ್ತಿ ಕಲ್ಲವ್ವ. ಇಬ್ಬರೂ ಈಗಿಲ್ಲ. ಅನುಮಾನ ಇದ್ದವರು ಹೋಗಿ ಕೇಳಿಕೊಂಡು ಬರಬಹುದು.

"ಕರೆಂಟು ಬರೋತನಕ ಹೇಳು ಮುತ್ಯಾ," ಅಂದಳು ಸಾವಂತ್ರವ್ವ. ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಜೋಳ ಕೇರುತ್ತಾ ಕೂತಿದ್ದಳು. ಅವಳಿಗೋಸ್ಕರ ಹೇಳುತ್ತೇನೆ.

ಬಹಳ ಹಿಂದೆ, ಆ ಹಿಟ್ಟಿನ ಚಿಟಿಕೆಯೊಳಗೆ ಒಂದು ರಾಜ್ಯವಿತ್ತು. ಹೆಸರು ಜೇನುಮಂಡಲ. ಹುಟ್ಟಿಗೆ ಜೇನು ಮುತ್ತಿದ ಹಾಗೆ ಅಲ್ಲಿ ಚಿಕ್ಕಿಗಳು ಒತ್ತಿಕೊಂಡು ಬಾಳುತ್ತಿದ್ದವು. ಚಿಕ್ಕಿ ಅಂದರೆ ನಮ್ಮಂಥ ಜನವೇ, ಮೈ ಮಾತ್ರ ಉರಿಯುತ್ತದೆ. ಎಲ್ಲರ ಮೈಬೆಳಕೂ ಸೇರಿ ಆ ರಾಜ್ಯಕ್ಕೆ ರಾತ್ರಿ ಅನ್ನುವುದೇ ಇರಲಿಲ್ಲ. ಯಾರೂ ಒಂದು ಕಡೆ ನಿಲ್ಲುವಂತಿಲ್ಲ, ಸದಾ ಓಡುತ್ತಿರಬೇಕು. ಓಟ ಕುಗ್ಗಿದವರು ನಡುವಿನ ಗುಂಡಿಗೆ ಜಾರುತ್ತಿದ್ದರು. ಗುಂಡಿಯಲ್ಲಿ ನುಂಗಣ್ಣ ಕೂತಿದ್ದ.

ನುಂಗಣ್ಣ ಮಾಟಗಾರ. ಮೈಯಲ್ಲಿ ಬೆಳಕಿಲ್ಲ, ಇರುವುದೆಲ್ಲ ಬಾಯಿ. ಎದ್ದು ಬೇಟೆಯಾಡುವ ಗೋಜಿಗೆ ಹೋದವನಲ್ಲ. ಜನಕ್ಕೆ ಒಂದು ಒಳ್ಳೆಯ ಪದ್ಧತಿ ಕಲಿಸಿ ಸುಮ್ಮನೆ ಕೂತ. ಇಬ್ಬರು ಎದುರಾದರೆ ಭಾರದವರು ಹಗುರದವರಿಗೆ ತಮ್ಮ ಓಟದಲ್ಲಿ ಒಂದಿಷ್ಟು ಕೊಡಬೇಕು. "ತಗೋ, ನನ್ನದೊಂದು ಹೆಜ್ಜೆ," ಅನ್ನಬೇಕು. ಕೇಳಲಿಕ್ಕೆ ಚೆಂದ ಇತ್ತು, ಜನ ಒಪ್ಪಿದರು. ಕೊಟ್ಟು ಕೊಟ್ಟು ಭಾರದವರು ಗುಂಡಿಯ ಕಡೆಗೆ ಇಳಿದರು. ತಗೊಂಡು ತಗೊಂಡು ಹಗುರದವರ ಓಟ ಮಿತಿಮೀರಿತು, ಕೋಟೆ ಗೋಡೆ ಹಾರಿ ಹೊರಗಿನ ಕತ್ತಲಿಗೆ ಬಿದ್ದರು. ಗೋಡೆ ದಾಟಿದವರು ತಿರುಗಿ ಬರಲಿಲ್ಲ. ಸಾವಂತ್ರವ್ವನ ಮೊರ ನೋಡಿ, ಕಾಳು ಒಳಗೆ, ಹೊಟ್ಟು ಹೊರಗೆ. ಆ ಕಳ್ಳ ಕೂತಲ್ಲೇ ಇಡೀ ರಾಜ್ಯವನ್ನು ಹೀಗೆ ಕೇರುತ್ತಿದ್ದ.

ಅಲ್ಲಿ ಹೊನ್ನವ್ವ ಅಂತ ಒಬ್ಬಳು, ಅವಳ ತಮ್ಮ ಕೆಂಚ. ತಾಯಿಯಿಲ್ಲದ ಮಕ್ಕಳು. ಹೊನ್ನವ್ವ ಚಿನ್ನದ ಬಣ್ಣದವಳು, ಭಾರದವಳು. ಕೆಂಚ ಕೆಂಡದ ಚೂರು, ಉಫ್ ಅಂದರೆ ಹಾರುವಷ್ಟು ಹಗುರ. ಎದುರು ಬಂದಾಗಲೆಲ್ಲ ಅಕ್ಕ ಅವನಿಗೆ ಒಂದಕ್ಕೆ ಎರಡು ಹೆಜ್ಜೆ ಕೊಡುತ್ತಿದ್ದಳು, ತಮ್ಮನಲ್ಲವೇ. ಒಂದು ದಿನ ಓಡುತ್ತಿದ್ದ ಕೆಂಚನ ಮೊಣಕಾಲಿಗೆ ಕೋಟೆ ಗೋಡೆ ತಾಗಿತು. ತಿರುಗಿ ನೋಡಿದರೆ ಅಕ್ಕ ಅಷ್ಟು ದೂರದಲ್ಲಿ, ಗುಂಡಿಯ ಅಂಚಿನಲ್ಲಿ. ಅವಳ ಪ್ರೀತಿಯೇ ಇಬ್ಬರನ್ನೂ ಅಗಲಿಸುತ್ತಿದೆ ಅಂತ ಅವನಿಗೆ ಆಗ ಹೊಳೆಯಿತು.

ಓಡಿ ಬಂದು, ಇನ್ನು ನನಗೆ ಹೆಜ್ಜೆ ಬೇಡ ಅಂದ. ಕೊಡದಿದ್ದರೆ ನಾನೆಂಥ ಅಕ್ಕ ಅಂದಳು.

"ಕೊಡೋದಾದರೆ ಕೈ ಕೊಡು."

"ಕೈ ಕೊಡೋ ಮಂದಿ ಊರ ತುಂಬ ಇದ್ದಾರೆ," ಅಂದಳು ಹೊನ್ನವ್ವ. "ನಾನು ಹಿಡಿಯುವವಳು."

ಅಗಲಬಾರದು ಅಂತ ಮೊದಲ ಸಲ ಹೊನ್ನವ್ವನ ಸೆರಗಿನ ಎರಡು ತುದಿಗಳನ್ನು ಇಬ್ಬರೂ ಹಿಡಿದು ದೂರ ದೂರ ಸುತ್ತಿದರು. ನುಂಗಣ್ಣ ಮಾಯದ ಟಗರನ್ನು ಬಿಟ್ಟ. ಅದು ನಡುವೆ ನುಗ್ಗಿತು, ಸೆರಗು ಹರಿಯಿತು. ಕೆಂಚ ಗೋಡೆಯವರೆಗೆ ಹಾರಿ, ಉಗುರಲ್ಲಿ ಗೋಡೆ ಗೀರಿ ನಿಂತು, ಜಾರಿ ಜಾರಿ ಅಕ್ಕನ ಹತ್ತಿರ ಬಂದ.

ಎರಡನೇ ಸಲ ತೋಳು ಚಾಚಿ ಬೆರಳು ಹಿಡಿದು ಸುತ್ತಿದರು. ನುಂಗಣ್ಣ ಒಬ್ಬ ಪೈಲ್ವಾನನನ್ನು ಕಳಿಸಿದ. ಅವನು ಕೆಂಚನಿಗಿಂತ ಭಾರ. ಮೊಣಕೈಯಲ್ಲಿ ಕೆಂಚನನ್ನು ತಳ್ಳಿ, ಅವನ ಜಾಗದಲ್ಲಿ ನಿಂತು, ಹೊನ್ನವ್ವನ ಕೈ ಹಿಡಿದುಬಿಟ್ಟ. ಹೊನ್ನವ್ವ ಅವನ ಮುಂಗೈ ಕಚ್ಚಿ ಬಿಡಿಸಿಕೊಂಡಳು. ಅಷ್ಟರಲ್ಲಿ ಕೆಂಚನ ಒಂದು ಕಾಲು ಗೋಡೆಯ ಆಚೆಗಿತ್ತು. ಇನ್ನೊಂದು ಕಾಲಿನ ಹೆಬ್ಬೆರಳು ಕಲ್ಲಿಗೆ ಸಿಕ್ಕಿಕೊಂಡಿದ್ದಕ್ಕೆ ಉಳಿದ. ಬಂದು ಅಕ್ಕನ ಮಡಿಲಲ್ಲಿ ಮುಖ ಮುಚ್ಚಿಕೊಂಡ.

"ಇನ್ನೊಂದು ಸಲ ಬಿಟ್ಟರೆ ನಾನು ಸಿಗೋದಿಲ್ಲ ಅಕ್ಕಾ."

ಹೊನ್ನವ್ವ ಅವನ ತಲೆ ನೇವರಿಸುತ್ತಾ, ಸಣ್ಣವಳಿದ್ದಾಗ ಅವ್ವ ಕಲಿಸಿದ ಫುಗಡಿ ಆಟ ನೆನೆದಳು. ನಾಲ್ಕು ಪಾದಗಳ ತುದಿ ಕೂಡಿಸಬೇಕು, ಕೈ ಕತ್ತರಿ ಹಾಕಬೇಕು, ಬೆರಳಲ್ಲ, ಮಣಿಕಟ್ಟು ಹಿಡಿಯಬೇಕು. ಆಮೇಲೆ ಹಿಂದಕ್ಕೆ ವಾಲಿ ತಿರುಗಬೇಕು.

ಮೂರನೇ ಸಲ ಗುಂಡಿಯ ಬಾಯಲ್ಲೇ ನಿಂತು ಫುಗಡಿ ಹಾಕಿದರು. ಟಗರು ಬಂತು, ತಗುಲಿತು, ಗೋಡೆಯಾಚೆ ಹೋಯಿತು. ಪೈಲ್ವಾನ ಬಂದ, ತಗುಲಿದ, ಟಗರಿನ ಹಿಂದೆಯೇ ಹೋದ. ಒಬ್ಬೊಬ್ಬರು ತಗುಲಿದಾಗಲೂ ಇವರ ಹಿಡಿತ ಬಿಗಿಯಾಯಿತು, ಸುತ್ತು ಜೋರಾಯಿತು. ಗುಂಡಿಗೆ ಜಾರುತ್ತಿದ್ದ ಭಾರದವರೂ ಬಂದು ತಗುಲಿದರು. ಅವರನ್ನು ಮೆಲ್ಲಗೆ ದಬ್ಬಿ, ಕಳೆದುಕೊಂಡ ಓಟ ವಾಪಸು ಕೊಟ್ಟು, ಮೇಲಿನ ಬೀದಿಗಳಿಗೆ ಕಳಿಸಿದರು. ನುಂಗಣ್ಣನ ಬಾಯಿಗೆ ಒಂದು ತುತ್ತೂ ಬೀಳಲಿಲ್ಲ.

ಅವನು ಬೆಲ್ಲದಂಥ ದನಿಯಲ್ಲಿ ಕೇಳಿದ: "ಹೊನ್ನವ್ವ, ನೀನು ಭಾರ, ಅವನು ಹಗುರ. ಪದ್ಧತಿ ಮರೆತೆಯಾ ತಾಯಿ? ತಮ್ಮನಿಗೆ ಒಂದು ಹೆಜ್ಜೆ ಕೊಡು."

"ಇಬ್ಬರಿಗೂ ಈಗ ಒಂದೇ ಹೆಜ್ಜೆ," ಅಂದಳು ಹೊನ್ನವ್ವ. "ಯಾರು ಯಾರಿಗೆ ಕೊಡೋದು?"

ನುಂಗಣ್ಣ ಬಾಯಿ ತೆರೆದುಕೊಂಡೇ ಕಾದ. ಉಪವಾಸ ಕೂತು ಕೂತು ಸಾಸಿವೆಯಷ್ಟಾದ, ಕೊನೆಗೆ ತನ್ನನ್ನೇ ನುಂಗಿಕೊಂಡ.

ಇವರು ಮಾತ್ರ ನಿಲ್ಲಿಸಲಿಲ್ಲ. ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದು, ಒಂದು ದಿನ ಅಪ್ಪಿಕೊಂಡರು. ಚಿನ್ನ ಹೋಯಿತು, ಕೆಂಡ ಹೋಯಿತು, ಅಲ್ಲಿ ಒಂದು ಎಳೆಯ ನೀಲಿ ಬೆಳಕು ನಿಂತಿತ್ತು. ಊರಿನವರೆಲ್ಲ ಮುಪ್ಪಾಗಿದ್ದರು, ಇವರೊಬ್ಬರೇ ಈಗ ಹುಟ್ಟಿದವರಂತೆ ಇದ್ದರು. ಹೊನ್ನವ್ವ ಅಂದರೂ ಓ ಅನ್ನುತ್ತಿತ್ತು, ಕೆಂಚ ಅಂದರೂ ಓ ಅನ್ನುತ್ತಿತ್ತು. ಅಂದಿನಿಂದ ಆ ರಾಜ್ಯದಲ್ಲಿ ಇಬ್ಬರು ಎದುರಾದರೆ ಕೈ ಹಿಡಿದು ಒಂದು ಸುತ್ತು ಆಡಿ ಮುಂದೆ ಹೋಗುತ್ತಾರೆ. ಸುಖವಾಗಿದ್ದಾರೆ. ಆ ನೀಲಿ ಬೆಳಕು ನಡೆದು ನಮ್ಮೂರು ಮುಟ್ಟುವುದಕ್ಕೆ ಬಹಳ ಕಾಲ ಹಿಡಿಯಿತು. ಮುಟ್ಟಿದ ದಿನವೇ ನಾನು ಹುಟ್ಟಿದ್ದು. ನಮ್ಮ ಅಜ್ಜಿ ಕಂಡದ್ದು ಅದನ್ನೇ.

ಸಾವಂತ್ರವ್ವ ಕೇರುವುದು ಬಿಟ್ಟು ಎಷ್ಟೋ ಹೊತ್ತಾಗಿತ್ತು. ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಮುತ್ಯಾ, ಇಬ್ಬರು ಕೂಡಿ ಒಬ್ಬರಾದರು ಅಂದಿ. ಹಂಗಾದರೆ ಚಿಕ್ಕಿ ಒಂದು ಕಮ್ಮಿ ಆಗಬೇಕು. ನಿಮ್ಮ ಅಜ್ಜಿಗೆ ಒಂದು ಜಾಸ್ತಿ ಹೆಂಗ ಬಂತು?"

ಗಿರಣಿಯ ಕಡೆ ನೋಡಿದೆ. ಕರೆಂಟು ಇನ್ನೂ ಬಂದಿರಲಿಲ್ಲ.

"ಅಜ್ಜಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತವ್ವ," ಅಂದು ಭುಜ ಕುಣಿಸಿದೆ.