ಗುಡ್ಡದ ಮೇಲಿನ ಉಸಿರು

"ಇವಳ ಎದೆ ಬೆಕ್ಕಿನ ಹಾಗೆ ಗುರುಗುಡ್ತಿದೆ, ನೀನು ಗುಡ್ಡ ಹತ್ತಿಸ್ತೀಯಾ?" ಅಜ್ಜಿ ಅಪ್ಪನನ್ನು ಗದರುತ್ತಲೇ ಒಲೆಗೆ ಇನ್ನೊಂದು ಸಲಿಕೆ ಕಲ್ಲಿದ್ದಲು ಸುರಿದಳು.

ಸೊಲೊಂಗೊ ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೊಸ ವರ್ಷದ ಮೊದಲ ಸೂರ್ಯನನ್ನು ಗುಡ್ಡದ ಮೇಲೆಯೇ ನೋಡಬೇಕು. ಕ್ಲಾಸಿನಲ್ಲಿ ಎಲ್ಲರೂ ನೋಡಿದವರೇ. ಇವಳಿಗೆ ಮಾತ್ರ ಪ್ರತಿಸಲ ಉಬ್ಬಸ ಅಡ್ಡ ಬರುತ್ತಿತ್ತು.

ಅಜ್ಜಿಗೆ ಗೊತ್ತಿದ್ದ ಮದ್ದು ಒಂದೇ, ಬೆಚ್ಚಗಿಡುವುದು. ಮೊಮ್ಮಗಳು ಕೆಮ್ಮಿದರೆ ಒಲೆಗೆ ಕಲ್ಲಿದ್ದಲು. ಇನ್ನೂ ಕೆಮ್ಮಿದರೆ ಇನ್ನಷ್ಟು ಕಲ್ಲಿದ್ದಲು. ಉಲಾನ್‌ಬಾತರ್ ಊರಂಚಿನಲ್ಲಿದ್ದ ಅವರ ಉಣ್ಣೆಯ ಗುಡಾರದ ಹೊಗೆಕೊಳವೆಗೆ ಚಳಿಗಾಲವಿಡೀ ಬಿಡುವಿರಲಿಲ್ಲ.

ಇನ್‌ಹೇಲರ್ ತೆಗೆದುಕೊಂಡು ನಿಧಾನಕ್ಕೆ ಹತ್ತುವುದು, ಉಸಿರು ಕಟ್ಟಿದರೆ ತಕ್ಷಣ ವಾಪಸ್ ಬರುವುದು ಎಂದು ಅಪ್ಪ ಮಾತು ಕೊಟ್ಟ ಮೇಲೆ ಅಜ್ಜಿ ಒಪ್ಪಿದಳು. ಅಂಗಳಕ್ಕೆ ಬಂದು ದಿನದಂತೆ ಆಕಾಶಕ್ಕೆ ಹಾಲು ಚಿಮುಕಿಸಿದಳು.

"ಆಕಾಶದಪ್ಪಾ, ಕೂಸಿನ ಉಸಿರು ಕಾಯಿ."

ಹೊಗೆಯಲ್ಲಿ ಹಾಲು ಎಲ್ಲಿಗೆ ಹೋಯಿತೋ ಕಾಣಲಿಲ್ಲ.

ಗುಡ್ಡದ ಬುಡದಲ್ಲಿ ಸೊಲೊಂಗೊ ಅಪ್ಪನ ತೋಳು ಹಿಡಿದು ಏದುಸಿರು ಬಿಟ್ಟಳು. ಗಂಟಲೆಲ್ಲ ಕಹಿ. ಮೇಲೆ ಹೋದಂತೆ ಇದೇನಿದು, ಉಸಿರು ಹಗುರಾಗುತ್ತಿದೆ! ಎದೆಯ ಗುರುಗುರು ತಾನಾಗಿಯೇ ಅಡಗಿತು.

ತುದಿ ತಲುಪಿ ತಿರುಗಿ ನೋಡಿದಳು. ಅಬ್ಬಾ! ಉಲಾನ್‌ಬಾತರ್ ಊರೇ ಇರಲಿಲ್ಲ. ಶಾಲೆ, ಎತ್ತರದ ಕಟ್ಟಡಗಳು, ಗುಡಾರಗಳು, ಎಲ್ಲದರ ಮೇಲೂ ಕಂದು ಹೊಗೆ ಕಂಬಳಿಯಂತೆ ಹಾಸಿತ್ತು. ಅದರ ಮೇಲೆ ಆಕಾಶ, ಎಷ್ಟು ನೀಲಿ, ಎಷ್ಟು ದೊಡ್ಡದು! ಸೂರ್ಯ ಇಣುಕಿದಾಗ ಜನರೆಲ್ಲ ಕೈಯೆತ್ತಿ ಕೂಗಿದರು. ಸೊಲೊಂಗೊ ಕೂಗುವುದನ್ನೇ ಮರೆತು ಬಾಯಿ ತೆರೆದು ನಿಂತಳು.

"ಅಪ್ಪಾ, ನಮ್ಮನೆ ಎಲ್ಲಿ?"

"ಅದರೊಳಗೆ."

"ಆ ಹೊಗೆ ಯಾರದು?"

"ಎಲ್ಲರ ಮನೆದೂ ಪುಟ್ಟಿ. ನಮ್ಮದೂ ಇದೆ."

"ಹಾಗಾದ್ರೆ ಅಜ್ಜಿ ಚಿಮುಕಿಸಿದ ಹಾಲು ಇಲ್ಲಿವರೆಗೂ ಬರತ್ತಾ?"

ಅಪ್ಪ ಅವಳ ಕೋಟಿನ ಗುಂಡಿ ಸರಿಮಾಡಿ, ಕೈ ಹಿಡಿದು ಗುಡ್ಡ ಇಳಿಯತೊಡಗಿದ.

ಮನೆಗೆ ಬಂದು ಸೊಲೊಂಗೊ ಹಬ್ಬದ ಪದ್ಧತಿಯಂತೆ ಅಜ್ಜಿಯ ಮೊಣಕೈಗಳ ಕೆಳಗೆ ತನ್ನ ಕೈಯಿಟ್ಟು ನಮಸ್ಕರಿಸಿದಳು. ಅಷ್ಟರಲ್ಲಿ ಅಜ್ಜಿಗೆ ಕೆಮ್ಮು ಬಂತು. ಮೈಯೆಲ್ಲ ಅಲ್ಲಾಡಿಸುವ ಆ ಕೆಮ್ಮು ಸೊಲೊಂಗೊಳ ಅಂಗೈಗೆ ತಾಗಿತು. ಇಷ್ಟು ದಿನ ಅದನ್ನು ಮುಪ್ಪಿನ ಕೆಮ್ಮು ಅಂದುಕೊಂಡಿದ್ದಳು.

"ಕೈ ನೋಡು, ಮಂಜುಗಡ್ಡೆ ಆಗಿದೆ," ಎಂದು ಅಜ್ಜಿ ಕಲ್ಲಿದ್ದಲಿನ ಸಲಿಕೆ ಎತ್ತಿಕೊಂಡಳು.

"ಬೇಡ ಅಜ್ಜಿ. ನಂಗೆ ಚಳಿಯಿಲ್ಲ."

ಹಲ್ಲು ಕಟಕಟ ಅನ್ನುತ್ತಿತ್ತು. ಸೊಲೊಂಗೊ ಕೋಟು ಬಿಚ್ಚದೆ, ಬಿಸಿ ಮಾಂಸದ ಕಡುಬಿನ ತಟ್ಟೆ ಹಿಡಿದು, ಅಜ್ಜಿಗೆ ಒತ್ತಿಕೊಂಡು ಕುಳಿತಳು.