ಅಳತೆ ತಪ್ಪಿದ ನಗು

ಶ್ಯಾಮ ಕಾಕಾ ತೀರಿಕೊಂಡ ದಿನದ ಮಾತು ಬಂದಾಗ ಕೇದಾರ ನಕ್ಕುಬಿಟ್ಟ.

ಸಣ್ಣ ನಗುವಲ್ಲ. ಹೊಟ್ಟೆಯಿಂದ ಎದ್ದು, ಹೆಗಲು ಕುಲುಕಿಸಿ, ಧನಕವಡಿಯ ಆ ಪುಟ್ಟ ಮನೆಯ ಗೋಡೆಗೆಲ್ಲ ಬಡಿದ ನಗು. ಗಂಡ ಕೊನೆಗೆ ಆಡಿದ ಮಾತನ್ನು ಹೇಳುತ್ತಿದ್ದ ಕೃಷ್ಣಾಬಾಯಿ ಅರ್ಧಕ್ಕೆ ನಿಂತರು. ಅವರ ಕಣ್ಣಲ್ಲಿ ನೀರು ಹಾಗೇ ಇತ್ತು.

ನೀಲಿಮಾಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮಾರ್ಗಶಿರದಲ್ಲಿ ತನ್ನ ಕೊರಳಿಗೆ ತಾಳಿ ಕಟ್ಟುವವನು, ತನ್ನನ್ನು ಸಾಕಿ ಓದಿಸಿದ ಚಿಕ್ಕಮ್ಮನ, ಈ ಕಾಕುವಿನ ದುಃಖಕ್ಕೆ ನಗುತ್ತಿದ್ದಾನೆ.

"ಇರ್ಲಿ ಬಿಡು," ಎಂದರು ಕಾಕು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅವರ ಹೆಸರು ತಗೊಂಡ್ರ ಎಲ್ಲಾರೂ ಅಳೂದೇ ಆಗ್ಯದ. ಒಬ್ಬರರೆ ನಕ್ರಲ್ಲ." ದೀಪಾವಳಿಯ ತಿಂಡಿಯಿದ್ದ ಅವನ ತಟ್ಟೆಗೆ ಇನ್ನೊಂದು ಚಕ್ಕುಲಿ ಹಾಕಿದರು.

ಮೆಟ್ಟಿಲ ಹತ್ತಿರ ನೀಲಿಮಾ ಅವನನ್ನು ತಡೆದಳು.

"ಯಾಕ್ ನಕ್ರಿ?"

"ನಾ ನಕ್ಕಿಲ್ಲ ನೀಲಾ." ಅವನ ಮುಖ ಬಿಳಿಚಿತ್ತು. "ನಗಿ ತಾನ ಬಂತು."

"ತಾನ ಬರ್ಲಿಕ್ಕೆ ಅದೇನು ಬಿಕ್ಕಳಿಕೇನು?"

"ಹಂಗ ಅಂದ್ಕೋ."

ಅವಳು ಹಾಗೆ ಅಂದುಕೊಳ್ಳಲಿಲ್ಲ.

ಅವರಿಬ್ಬರ ಪರಿಚಯವಾದದ್ದು ಹಿಂದಿನ ಬೇಸಿಗೆಯಲ್ಲಿ, ಎರಡು ಸಾವಿರದ ಒಂದನೇ ಇಸವಿಯ ಏಪ್ರಿಲ್‌ನಲ್ಲಿ. ನೀಲಿಮಾ ಫಿಜಿಯೋಥೆರಪಿಸ್ಟ್. ಕೇದಾರ ಬೆಳಗಾವಿ ಕಡೆಯವನು, ರಾಂಜಣಗಾಂವದ ಕಾರ್ಖಾನೆಯಲ್ಲಿ ಇಂಜಿನಿಯರ್. ಕುತ್ತಿಗೆ ನೋವೆಂದು ಅವಳ ಕ್ಲಿನಿಕ್ಕಿಗೆ ಬಂದ. ಕಂಪನಿ ಬಸ್ಸಿನ ಕುಲುಕಾಟ ಅಂತ ಅವನೂ ಹೇಳಿದ, ಅವಳೂ ನಂಬಿದಳು.

ಪೇಶಂಟುಗಳ ಜೊತೆ ಅವಳದು ಮರಾಠಿಯೇ. ಎಣಿಕೆ ಮಾತ್ರ ತಾನಾಗಿ ಕನ್ನಡದಲ್ಲಿ ಬರುತ್ತಿತ್ತು.

"ಮೂರ... ನಾಕ... ಐದ..."

"ಎಣಿಸೂದಷ್ಟ ಕನ್ನಡದಾಗೋ, ಬೈಯೂದೂ ಕನ್ನಡದಾಗೋ?" ಬೋರಲು ಮಲಗಿದ್ದವನು ಕೇಳಿದ.

"ಕುತ್ತಿಗಿ ಅಲುಗಾಡಿಸಿದ್ರ ಬೈಯೂದೂ ಕೇಳಸ್ತದ."

ಅವನು ಬೇಕೆಂದೇ ಕುತ್ತಿಗೆ ತಿರುಗಿಸಿ ನೋಡಿದ. ಮೊದಲು ಕಣ್ಣಿನಲ್ಲಿ ಮಿಂಚಿದ ನಗು, ತಡವಾಗಿ ತುಟಿಯ ಎಡಗಡೆಯ ಮೂಲೆಗೆ ಇಳಿಯಿತು. ಆ ತಡವೇ ಅವಳನ್ನು ಕೆಡಿಸಿತು. ಆಮೇಲೆ ಯಾರ ನಗು ನೋಡಿದರೂ ಅವಸರದ ನಗುವೆನಿಸುತ್ತಿತ್ತು.

ಈಗ ದೀಪಾವಳಿ ಕಳೆದ ಮೇಲೆ ಆ ನಗು ಎಲ್ಲೋ ಹೋಗಿತ್ತು. ಮದುವೆಯ ಸೀರೆ ತೋರಿಸಿದರೆ, "ಯಾವುದರೆ ಆದೀತು," ಎನ್ನುತ್ತಿದ್ದ. ಅವಳು ಮುನಿಸಿಕೊಂಡರೂ ಅವನಿಗೆ ತಟ್ಟುತ್ತಿರಲಿಲ್ಲ. ರಸ್ತೆಯಲ್ಲಿ ಸ್ಕೂಟರಿಗೆ ಸಿಕ್ಕ ನಾಯಿಮರಿಯನ್ನು ನೋಡಿ ಮಾತ್ರ ಮತ್ತೆ ಆ ಹೊಟ್ಟೆಯ ನಗು ಎದ್ದಿತು. ನಿಲ್ಲಿಸಲಾಗದೆ ಅವನು ಬಾಯಿಗೆ ಕೈ ಒತ್ತಿ ಹಿಡಿದಿದ್ದ. ಸುತ್ತಲಿನ ಜನ ತಿರುಗಿ ನೋಡಿದರು.

ಕೈಕಾಲು ನೋಡುವುದು ಅವಳ ಕಸುಬು. ಅವನ ನಡಿಗೆ ನೆಟ್ಟಗಿತ್ತು. ನಗುವನ್ನು ಪರೀಕ್ಷಿಸಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಇವನಿಗೆ ನಾನು ಬೇಡವಾಗಿದ್ದೇನೆ ಎಂದೇ ತಿಳಿದಳು. ಒಂದು ಭಾನುವಾರ ಬೆಳಿಗ್ಗೆ ನಿಶ್ಚಿತಾರ್ಥದ ಉಂಗುರ ಕಳಚಿ ಪರ್ಸಿನಲ್ಲಿಟ್ಟು, ಅವನು ಬರಲಿ ಎಂದು ಕಾದಳು.

ಅಂದು ಕಾಕು ಶೇಗಡಿ ಒಲೆಯ ಸಣ್ಣ ಕೆಂಡದ ಮೇಲೆ ಅಗಲ ತಟ್ಟೆಯ ಪರಾತ ಇಟ್ಟು ಕುಸುರೆಳ್ಳು ಮಾಡುತ್ತಿದ್ದರು. ಬಿಸಿ ಎಳ್ಳಿಗೆ ಒಂದೊಂದೇ ಚಮಚ ಸಕ್ಕರೆ ಪಾಕ ಬಿಡುತ್ತ, ಬೆರಳತುದಿಯಿಂದ ಮೆಲ್ಲಗೆ ತಿರುವುತ್ತಿದ್ದರೆ ಕಾಳಿಗೆ ಬಿಳಿ ಮುಳ್ಳು ಏಳುತ್ತದೆ. ಕೈ ಭಾರವಾದರೆ ಮುಳ್ಳು ಮುರಿಯುತ್ತದೆ. ಆ ಕಾಳು ಪೋಣಿಸಿ ಬಳೆ, ಸರ ಮಾಡಿ, ಮದುವೆಯ ನಂತರದ ಮೊದಲ ಸಂಕ್ರಾಂತಿಗೆ ಕರೀ ಸೀರೆಯ ಮೇಲೆ ಮದುಮಗಳಿಗೆ ತೊಡಿಸಬೇಕು.

"ಬರ್ರಿ ಕೇದಾರ," ಕಾಕು ಕರೆದರು. "ನಿಮ್ಮ ಹೆಂಡತಿ ಹಾಕ್ಕೊಳ್ಳೂ ಬಳೀಗೆ ನಿಮ್ಮ ಬೆರಳೂ ಹತ್ಲಿ."

ಅವನು ಕೈ ಚಾಚಿದ. ಪರಾತ ಹತ್ತಿರವಾದಂತೆ ಬೆರಳು ನಡುಗತೊಡಗಿತು. ಎಳ್ಳನ್ನು ದಾಟಿ ಹೋಗಿ ಕಾದ ಅಂಚಿಗೆ ತಗುಲಿತು. ಅವನು ಕೈ ಕಿತ್ತುಕೊಂಡ.

ಉಂಗುರದ ಮಾತು ಎತ್ತಬೇಕೆಂದಿದ್ದ ನೀಲಿಮಾ ಆ ಕೈಯನ್ನೇ ನೋಡಿದಳು. ಸುಮ್ಮನಿದ್ದಾಗ ನಡುಗದ ಕೈ, ಮುಟ್ಟಲು ಹೋದಾಗ ಮಾತ್ರ ನಡುಗುತ್ತದೆ. ಇದನ್ನು ಅವಳಿಗೆ ಕಲಿಸಿದ್ದರು.

"ನನ್ನ ಬೆರಳು ಮುಟ್ಟ್ರಿ," ಎಂದು ಬೆರಳೆತ್ತಿ ಹಿಡಿದಳು. "ಆಮ್ಯಾಲೆ ನಿಮ್ಮ ಮೂಗು."

"ಇದೇನು ಆಟ?"

"ಹೂಂ. ಆಟ."

ಅವನ ಬೆರಳು ತೂಗಾಡುತ್ತ ಬಂದು, ಅವಳ ಬೆರಳು ತಪ್ಪಿ, ಅವಳ ಕೆನ್ನೆಯ ಮೇಲೆ ಇಳಿಯಿತು. ಬೇರೆ ದಿನವಾಗಿದ್ದರೆ ಆ ಕೆನ್ನೆ ಕೆಂಪಾಗುತ್ತಿತ್ತು.

"ಮತ್ತೊಮ್ಮೆ."

ಈ ಸಲ ಅವಳ ಕಿವಿಯ ಜುಮುಕಿ ಅಲುಗಾಡಿತು.

"ಮನ್ಯಾಗ ಹಿರೇರ ಇದ್ದಾರಂತ ಖಬರರೆ ಅದ ಏನು ನೋಡು!" ಕಾಕು ಸೆರಗಿನೊಳಗೆ ನಕ್ಕರು.

ನೀಲಿಮಾ ನಗಲಿಲ್ಲ. ಒಳಗೆ ಹೋಗಿ ಉಂಗುರವನ್ನು ಮತ್ತೆ ಹಾಕಿಕೊಂಡಳು.

ಡಾಕ್ಟರ್ ಪಂಕಜಾಕ್ಷಿ ಅವಳಿಗೆ ಕಾಲೇಜಿನಲ್ಲಿ ಪಾಠ ಹೇಳಿದವರು. ಕೇದಾರನ ತಲೆಯ ಸ್ಕ್ಯಾನಿನ ಫಿಲಂ ಅನ್ನು ಬೆಳಕಿನ ಮುಂದೆ ಹಿಡಿದರು. ಹಿಂದಲೆಯಲ್ಲಿ, ಕಿರುಮೆದುಳಿನ ನಟ್ಟನಡುವೆ, ನಿಂಬೆಹಣ್ಣಿನಷ್ಟು ಬಿಳುಪು.

"ನಿಮಗ ನಾವು ಏನ್ ಕಲಿಸಿದ್ವಿ? ಕಿರುಮೆದುಳು ಅಂದ್ರ ಕೈಕಾಲಿನ ಅಳತಿ, ಸಮತೋಲ, ಅಷ್ಟ. ಈಗೀಗ ಅದಕ್ಕಿಂತ ಹೆಚ್ಚು ಅಂತ ಹೇಳ್ಲಿಕ್ಕತ್ಯಾರ. ಮನಸ್ಸಿನ ಅಳತೀನೂ ಅದ ನೋಡ್ತದಂತ. ನಗಿ ಎಲ್ಲಿ ಬರಬೇಕು, ಎಷ್ಟು ಬರಬೇಕು, ಯಾವಾಗ ನಿಲ್ಲಬೇಕು. ನಡುವಿನ ಭಾಗ ಕೆಟ್ರ ನಗಿ ಬ್ಯಾರೇ ಮನಿ ಬಾಗಲಾ ಬಡೀತದ."

"ಆಪರೇಶನ್ ಆದ ಮ್ಯಾಲೆ?"

"ಗಂಟಿನ ಒಂದು ತುಣುಕು ಮೆದುಳಿನ ಕಾಂಡಕ್ಕ ಹತ್ಯದ. ಅದನ್ನ ಮುಟ್ಲಿಕ್ಕೆ ಬರೂದಿಲ್ಲ. ಉಳಿದದ್ದು ತೆಗದ ಮ್ಯಾಲೆ ಮಾತು ತಡೀಬಹುದು, ಮುಖ ಖಾಲಿ ಆಗಬಹುದು. ತಿರುಗಿ ಬರಬಹುದು. ಬರದೇನೂ ಇರಬಹುದು."

ಅಷ್ಟು ಹೇಳಿ ಅವರು ಫಿಲಂ ಹಿಂದಿನ ದೀಪ ಆರಿಸಿದರು. ಆ ಬಿಳುಪನ್ನೇ ನೋಡುತ್ತ ಇವರಿಬ್ಬರೂ ಕೂರುವುದು ಬೇಡವೆಂದು.

ಆಪರೇಶನ್ನಿನ ಹಿಂದಿನ ಸಂಜೆ, ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೇದಾರ ಕೈ ಚಾಚಿದ.

"ಉಂಗುರ ಕೊಡು ನೀಲಾ. ಒಮ್ಮೆ ತಗದಿದ್ದಿ. ಮತ್ತ ತಗದ್ರ ತಪ್ಪಿಲ್ಲ."

ಅವಳು ಬೆಚ್ಚಿದಳು. "ನಿಮಗ ಹೆಂಗ ಗೊತ್ತು?"

"ಬೆರಳು ಮುಟ್ಟು ಅಂತ ಎತ್ತಿ ಹಿಡಿದ್ಯಲ್ಲ, ಖಾಲಿ ಇತ್ತು." ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಆಗ ಅಳು ಬರಬೇಕಿತ್ತು. ಒಳಗ ಇತ್ತು, ಹೊರಗ ಬರಲಿಲ್ಲ. ನಾಳೆ ಒಳಗಿಂದೂ ಹೋದ್ರ?"

"ಹೋಗ್ಯದಂತ ನನಗ ಹೆಂಗ ತಿಳೀಬೇಕು?"

"ಮುಖ ನೋಡಬ್ಯಾಡ. ಬಾಯಿಬಿಟ್ಟು ಕೇಳು. ಇಲ್ಲದಿದ್ರ ಇಲ್ಲ ಅಂತೀನಿ. ಆವಾಗ ತಗದಿಡು."

"ಸುಳ್ಳು ಹೇಳೂದಿಲ್ಲಲ್ಲ?"

"ಸುಳ್ಳು ಹೇಳ್ಲಿಕ್ಕೆ ಮುಖ ಬೇಕಲ್ಲ ಮಾರಾಯ್ತಿ."

ಇಬ್ಬರೂ ನಕ್ಕರು. ಎಷ್ಟೋ ದಿನಗಳ ಮೇಲೆ ಅವನ ನಗು ಸರಿಯಾದ ಜಾಗಕ್ಕೆ ಬಂದಿತ್ತು. ಅವಳು ಸುಮ್ಮನಾದಳು. ಅವನು ಸುಮ್ಮನಾಗಲಿಲ್ಲ. ಕಣ್ಣಲ್ಲಿ ಭಯ ತುಂಬಿಕೊಂಡಿದ್ದರೂ ನಗು ನಿಲ್ಲಲಿಲ್ಲ. ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡು, ಅದು ತಾನಾಗಿ ಸೋಲುವವರೆಗೂ ಹಾಗೇ ಕೂತಳು.

ಮದುವೆಯ ಮುಹೂರ್ತ ಆಸ್ಪತ್ರೆಯಲ್ಲೇ ದಾಟಿಹೋಯಿತು. ಆಪರೇಶನ್ ಆದಾಗಿನಿಂದ ಕೇದಾರ ಒಂದು ಮಾತೂ ಆಡಿರಲಿಲ್ಲ. ಸಂಕ್ರಾಂತಿ ಬಂತು. ಕಾಕು ಕರೀ ಸೀರೆಯನ್ನೂ ಕುಸುರೆಳ್ಳಿನ ಒಡವೆಯನ್ನೂ ಮುಂದಿಟ್ಟರು.

"ಮದುವಿ ಆಗಿಲ್ಲಲ್ಲ ಕಾಕು."

"ಎಳ್ಳಿಗೇನು ಗೊತ್ತಾಗ್ತದ? ಹಾಕ್ಕೋ."

ಇಷ್ಟು ವರ್ಷ ಊರ ಮದುಮಕ್ಕಳಿಗೆಲ್ಲ ಒಡವೆ ಮಾಡಿಕೊಟ್ಟು, ವಿಧವೆಯೆಂದು ತೊಡಿಸುವಾಗ ಹಿಂದೆ ಸರಿಯುತ್ತಿದ್ದ ಕಾಕು ಅಂದು ತಾವೇ ಬಳೆ ಕಟ್ಟಿದರು.

ವಾರ್ಡಿನಲ್ಲಿ ಅವಳನ್ನು ನೋಡಿದ ನರ್ಸ್, "ಕಿತೀ ಛಾನ್!" ಎಷ್ಟು ಚೆಂದ ಎಂದು ಮೆಚ್ಚಿದಳು. ಕೇದಾರ ದಿಂಬಿಗೊರಗಿ ಕೂತಿದ್ದ. ತಲೆಗೆ ಪಟ್ಟಿ. ಮುಖ ಬರಹ ತೊಳೆದಿಟ್ಟ ಪಾಟಿಯಂತಿತ್ತು. ಅವಳು ಅವನ ಮುಂದೆ ನಿಂತಳು. ಕಣ್ಣು ಅವಳನ್ನು ನೋಡಿತು, ಸರವನ್ನು ನೋಡಿತು. ತುಟಿಯ ಎಡಮೂಲೆಗಾಗಿ ಅವಳು ಕಾದಳು. ಏನೂ ಅಲುಗಾಡಲಿಲ್ಲ.

ಕೇಳಲು ಹೆದರಿಕೆಯಾಯಿತು. ಕೇಳದಿದ್ದರೆ ಉಂಗುರ ಇರುತ್ತದೆ. ಹೊರಗೆ ಸ್ಟ್ರೆಚರಿನ ಗಾಲಿ ಕಿರುಗುಟ್ಟುತ್ತ ಹೋಯಿತು. ಅದು ದೂರವಾಗುವವರೆಗೂ ಕಾದು ಅವನ ಪಕ್ಕದಲ್ಲಿ ಕೂತಳು.

"ಒಳಗ ಅದ ಏನು?"

ಅವನ ಕಣ್ಣು ಸರದಿಂದ ಅವಳ ಮುಖಕ್ಕೆ ಬಂತು. ಆಮೇಲೆ ತುಟಿ ತೆರೆಯಿತು.

"ಅ... ದ."

ಇನ್ನೂ ಏನೋ ಹೇಳಲು ಕೊಸರಾಡುತ್ತಿದ್ದ. ಅವಳು ಬಾಗಿ ಕಿವಿಗೊಟ್ಟಳು.

"ದಾರಿ... ಸಿಗ... ವಲ್ದು."

ಅವನ ಕೈ ಎದ್ದಿತು. ನಡುಗುತ್ತ ಬಂದು ಮಂಚದ ಕಂಬಿಗೆ ಬಡಿದು, ಹಿಂದೆ ಸರಿದು, ಮತ್ತೆ ಬಂದು ಬಳೆಯನ್ನು ಎಳೆಯಿತು. ದಾರ ಹರಿದು ಕುಸುರೆಳ್ಳು ಹಾಸಿಗೆಯ ತುಂಬ ಚೆಲ್ಲಿತು. ಅವಳು ಆ ಕೈಯನ್ನು ಹಿಡಿದು ನಿಲ್ಲಿಸಲಿಲ್ಲ. ಅಲೆದಾಡಿ ಅಲೆದಾಡಿ ಕೊನೆಗೆ ಅವನ ಬೆರಳು ಉಂಗುರದ ಮೇಲೆ ಬಂದು ಕೂತಿತು.

ಹಾಸಿಗೆಯಿಂದ ಒಂದು ಕಾಳು ಆರಿಸಿ ಅವನ ನಾಲಿಗೆಯ ಮೇಲಿಟ್ಟಳು. ಅವನ ಮುಖವನ್ನು ನೋಡಲಿಲ್ಲ.

"ನಾಳೆ ಮತ್ತ ಕೇಳ್ತೀನಿ," ಎಂದಳು.

"ಕೇ... ಳು."